ಪ್ಲೇಟೋನ ಕಾನೂನು, ಮಸ್ಕಿಯ ಶಿಲೆ

ಪ್ಲೇಟೋ ಎಂದೊಡನೆ ಓದುಗರಿಗೆ ನೆನಪಾಗುವುದು, ತತ್ತ್ವಜ್ಞಾನಿಯೇ ದೊರೆಯಾಗಬೇಕೆಂದು ಸಾರುವ ‘ರಿಪಬ್ಲಿಕ್’ ಗ್ರಂಥ. ಆದರೆ ಅವನ ರಾಜ್ಯವಿಚಾರದ ಪರಿಪಾಕವಿರುವುದು ವೃದ್ಧಾಪ್ಯದ ಕೃತಿಯಾದ, 12 ಭಾಗಗಳ ‘ಲಾಸ್’ ಎಂಬ ಸಂವಾದದಲ್ಲಿ. ನಿರ್ದೋಷಿಯಾದ ದೊರೆ ದುರ್ಲಭನಾದುದರಿಂದ ಆಳುವವರು ಕಾನೂನಿನ ಸೇವಕರಾಗಿರಬೇಕೆಂಬುದು ಇಲ್ಲಿಯ ನಿಲುವು.

ಈ ಗ್ರಂಥದ ಶ್ರೇಷ್ಠ ಕಾಣಿಕೆಯೆಂದರೆ ‘ಪೀಠಿಕೆ’ಯ ಕಲ್ಪನೆ. ಗುಲಾಮರಿಗೆ ಮದ್ದು ಕೊಡುವ ವೈದ್ಯನು ಕಾರಣ ಹೇಳದೆ ಅಪ್ಪಣೆ ಮಾಡಿ ಹೊರಡುತ್ತಾನೆ. ಸ್ವತಂತ್ರರ ವೈದ್ಯನಾದರೋ ರೋಗಿಯೊಡನೆ ಮಾತನಾಡಿ, ಅವನನ್ನು ಒಪ್ಪಿಸಿದ ಮೇಲೆಯೇ ಔಷಧವನ್ನು ವಿಧಿಸುತ್ತಾನೆ. ಕಾನೂನು ಈ ಎರಡನೆಯ ವೈದ್ಯನಂತಿರಬೇಕು. ದಂಡವನ್ನು ಹೇಳುವ ಮುನ್ನ ಕಾರಣವನ್ನು ತಿಳಿಸಿ ಮನವೊಲಿಸಬೇಕು ಎಂಬುದು ಪ್ಲೇಟೋನ ಅಭಿಮತ. ದಂಡವನ್ನು ಅವನು ಬಿಡುವುದಿಲ್ಲ. ಅದನ್ನೇ ಮೊದಲ ಮಾತಾಗಿಸುವುದಿಲ್ಲ, ಅಷ್ಟೆ.

ಆದರೆ ಈ ಉದಾರತೆಗೊಂದು ಗಡಿಯಿದೆ. ಗುಲಾಮನೊಡನೆ ಆಡುವ ಮಾತು ಬಹುಮಟ್ಟಿಗೆ ಆಜ್ಞೆಯೇ ಆಗಿರಬೇಕೆಂದು ಅದೇ ಗ್ರಂಥ ವಿಧಿಸುತ್ತದೆ. ಅಂದಮೇಲೆ ಕಾರಣವನ್ನು ಕೇಳುವ ಹಕ್ಕು ಕೆಲವರ ಸೊತ್ತಾಯಿತು. ಇದು ಕೃತಿಯ ದೊಡ್ಡ ಕೊರತೆ.

ಈ ಕೊರತೆಗೆ ಉತ್ತರವನ್ನು ನಮ್ಮ ನೆಲದಲ್ಲಿಯೇ ಕಾಣಬಹುದು. ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರು ಕಂಡ ಶಾಸನವು, ‘ದೇವಾನಾಂಪ್ರಿಯ’ನೆಂಬುವನು ಅಶೋಕನೇ ಎಂಬುದನ್ನು ಹೆಸರಿನಿಂದ ಸ್ಥಿರಪಡಿಸಿತೆಂದು ಪ್ರಸಿದ್ಧವಾಗಿದೆ. ಅದರ ತಿರುಳು ಅದಕ್ಕಿಂತ ಹಿರಿದು. ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವನೂ ಅದನ್ನು ಪಡೆಯಬಲ್ಲನು, ಇಬ್ಬರಿಗೂ ತಿಳಿಹೇಳಬೇಕು ಎಂಬುದು ಅದರ ತಾತ್ಪರ್ಯ. ಪ್ಲೇಟೋ ನಿಂತ ಗಡಿಯನ್ನು ಮಸ್ಕಿಯ ಶಿಲೆ ದಾಟಿತು.

ಈ ತುಲನೆ ಕೇವಲ ಪಾಂಡಿತ್ಯದ ವಿಷಯವಲ್ಲ. ‘ಲಾಸ್’ನ 8ನೆಯ ಭಾಗದಲ್ಲಿ ನೀರಿನ ನಿಯಮಗಳಿವೆ: ಮೇಲಿನ ಹೊಲದವನೂ ಕೆಳಗಿನವನೂ ಪರಸ್ಪರ ಕೇಡು ಮಾಡಬಾರದು, ನೀರು ಸಾಲದಿದ್ದಲ್ಲಿ ಅಧಿಕಾರಿಗಳು ಪಾಲನ್ನು ಗೊತ್ತುಮಾಡಬೇಕು. ಸಿಂಧನೂರಿನ ರೈತನಿಗೆ ಇದು ಪರದೇಶದ ಮಾತೆನಿಸದು. ತುಂಗಭದ್ರಾ ಎಡದಂಡೆ ಕಾಲುವೆ ಅಲ್ಪ ನೀರಿನ ಬೆಳೆಗಳನ್ನು ಮುಖ್ಯವಾಗಿ ಲಕ್ಷಿಸಿ ಯೋಜಿತವಾಯಿತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆಯ ಭಾಗದ ಮಾನ್ವಿ, ರಾಯಚೂರುಗಳ ಹೊಲಗಳು ನೀರಿಗಾಗಿ ಬಾಯ್ದೆರೆದವು. ಬೆಳೆಪದ್ಧತಿಯ ನಿಯಮವಿದೆ, ಉಲ್ಲಂಘನೆಯೂ ಇದೆ. ಕಾವಲಿನಿಂದಷ್ಟೇ ಇದು ನೀಗುವುದಿಲ್ಲ. ತನ್ನ ಗದ್ದೆಗೆ ಹೆಚ್ಚಾಗಿ ಹರಿದ ನೀರು ಇನ್ನೊಬ್ಬನ ಅನ್ನವೆಂಬುದು ಮೇಲಿನವನಿಗೆ ಮನದಟ್ಟಾಗಬೇಕು. ತನ್ನ ಪಾಲಿನ ಲೆಕ್ಕವನ್ನು ಕೇಳುವ ಅಧಿಕಾರ ಕೊನೆಯವನಿಗೂ ಇರಬೇಕು.

ಕಾರಣ ಹೇಳದ ಕಾನೂನು ಅರ್ಧ ಕಾನೂನು. ಕಾರಣವನ್ನು ಕೆಲವರಿಗಷ್ಟೇ ಹೇಳುವ ಕಾನೂನು ಅರ್ಧ ನ್ಯಾಯ. ಮೊದಲನೆಯದನ್ನು ಪ್ಲೇಟೋನಿಂದಲೂ ಎರಡನೆಯದನ್ನು ಮಸ್ಕಿಯಿಂದಲೂ ನಾವು ಕಲಿಯಬೇಕಾಗಿದೆ.