ಚೀಲದ ಗುಟ್ಟು

ಸಮಾಜಶಾಸ್ತ್ರದ ತರಗತಿಗೆ ಒಂದೇ ಒಂದು ಆಟ ಆರಿಸಿ ಎಂದರೆ ನಾನು ಹಿಂದೆಮುಂದೆ ನೋಡದೆ ಹೇಳುವ ಹೆಸರು 'ಸ್ಟಾರ್‌ಪವರ್'. ಅಮೆರಿಕದ ಆರ್. ಗ್ಯಾರಿ ಶರ್ಟ್ಸ್ 1969ರಲ್ಲಿ ರೂಪಿಸಿದ ಆಟ. ಬಣ್ಣದ ಬಿಲ್ಲೆಗಳು, ಒಂದು ಕೊಠಡಿ, ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು ಇದ್ದರೆ ಸಾಕು.

ಬಣ್ಣಕ್ಕೊಂದು ಬೆಲೆ. ಕೈ ಹಿಡಿದು ಚೌಕಾಸಿ ಮಾಡಿ ಬಿಲ್ಲೆ ಅದಲುಬದಲು ಮಾಡಿಕೊಳ್ಳುತ್ತಾ ಅಂಕ ಏರಿಸಿಕೊಳ್ಳಬೇಕು. ಒಂದು ಸುತ್ತು ಮುಗಿದ ಮೇಲೆ ಹೆಚ್ಚು ಅಂಕದವರಿಗೆ ಚೌಕದ ಗುರುತು, ನಡುವಿನವರಿಗೆ ವೃತ್ತ, ಕೆಳಗಿನವರಿಗೆ ತ್ರಿಕೋನ. ಚೆನ್ನಾಗಿ ಆಡಿದರೆ ಮೇಲಿನ ಗುಂಪಿಗೆ ಹತ್ತಬಹುದು ಎನ್ನುತ್ತಾರೆ ಆಡಿಸುವವರು. ಆದರೆ ಮುಂದಿನ ಸುತ್ತಿಗೆ ಚೌಕದವರು ಬಿಲ್ಲೆ ತೆಗೆದುಕೊಳ್ಳುವ ಚೀಲಕ್ಕೆ ಬೆಲೆಬಾಳುವ ಬಿಲ್ಲೆಗಳನ್ನೇ ಹೆಚ್ಚಾಗಿ ತುಂಬಿರುವುದನ್ನು ಮಾತ್ರ ಬಾಯಿಬಿಡುವುದಿಲ್ಲ. ಒಂದೆರಡು ಸುತ್ತು ಕಳೆದ ಮೇಲೆ, ಕಷ್ಟಪಟ್ಟು ಗೆದ್ದಿದ್ದೀರಿ, ಇನ್ನು ನಿಯಮ ಮಾಡುವ ಅಧಿಕಾರವೂ ನಿಮ್ಮದೇ ಎಂದು ಅವರಿಗೇ ಒಪ್ಪಿಸುತ್ತಾರೆ.

ಸಾಮಾನ್ಯವಾಗಿ ಚೌಕದವರು ತಮ್ಮ ಜಾಗ ಭದ್ರಪಡಿಸುವ ನಿಯಮಗಳನ್ನೇ ಮಾಡುತ್ತಾರೆ. ಗೆದ್ದದ್ದು ತಮ್ಮ ಜಾಣತನದಿಂದ ಎಂದು ಮನಸಾರೆ ನಂಬಿಯೂ ಇರುತ್ತಾರೆ. ತ್ರಿಕೋನದವರಲ್ಲಿ ಕೆಲವರು ಜಗಳಕ್ಕೆ ನಿಲ್ಲುತ್ತಾರೆ, ಕೆಲವರು ಮೋಸಕ್ಕಿಳಿಯುತ್ತಾರೆ, ಕೆಲವರು ಆಟ ಬಿಟ್ಟು ಸುಮ್ಮನೆ ಕೂರುತ್ತಾರೆ. ಮೇಷ್ಟರ ಕಣ್ಣು ಈ ಸುಮ್ಮನೆ ಕೂತವರ ಮೇಲಿರಬೇಕು. ಹಿಂದಿನ ಬೆಂಚಿನ ಹುಡುಗನಿಗೆ ಸೋಮಾರಿ ಎಂಬ ಹೆಸರಿಡುವ ಮುನ್ನ ಅವನ ಚೀಲದಲ್ಲಿ ಏನಿತ್ತು ಎಂದು ಕೇಳುವುದನ್ನು ಈ ಆಟ ಕಲಿಸುತ್ತದೆ. ಪಠ್ಯದಲ್ಲಿ 'ಸಾಮಾಜಿಕ ಸ್ತರವಿನ್ಯಾಸ' ಎಂದು ಉರುಹೊಡೆದದ್ದು ಆಗ ಮೈಗೆ ತಾಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಇದನ್ನು ಆಡಿಸುವವರಿಗೆ ಒಂದು ಮಾತು. ಚೌಕ, ತ್ರಿಕೋನಗಳ ಜಾಗದಲ್ಲಿ ಜಾತಿಯ ಹೆಸರುಗಳನ್ನು ತರಬೇಡಿ. ದಿನವೂ ಅವಮಾನ ಉಣ್ಣುವ ಮಗುವಿಗೆ ತರಗತಿಯಲ್ಲೂ ಅದನ್ನೇ ಬಡಿಸಿದಂತಾಗುತ್ತದೆ. ಬರಿಯ ಆಕಾರಗಳಿರುವುದರಿಂದಲೇ ಯಾವ ಮನೆಯ ಮಗುವೂ ಯಾವ ಗುಂಪಿಗೂ ಬೀಳಬಹುದು. ಈ ಆಟದ ದೊಡ್ಡತನ ಅಲ್ಲಿದೆ.

ಬಿಲ್ಲೆ ಹೊಂದಿಸುವುದು ಕಷ್ಟವಾದರೆ ಚದುರಂಗದ ಹಲಗೆ ತಂದು ಇನ್ನೊಂದು ಆಟ ಆಡಿಸಿ. 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಶೆಲಿಂಗ್ 1971ರ ಪ್ರಬಂಧದಲ್ಲಿ ವಿವರಿಸಿದ ಪ್ರಯೋಗವಿದು. ಎರಡು ಬಗೆಯ ನಾಣ್ಯಗಳನ್ನು ಬೆರೆಸಿ ಹರಡಿ, ಕೆಲವು ಮನೆ ಖಾಲಿ ಬಿಡಿ. ಅಕ್ಕಪಕ್ಕದವರಲ್ಲಿ ಮೂರರಲ್ಲೊಂದು ಪಾಲಾದರೂ ತನ್ನಂಥವರಿರಲಿ ಎಂಬುದಷ್ಟೇ ಪ್ರತಿ ನಾಣ್ಯದ ಬಯಕೆ. ಅದು ಈಡೇರದ ನಾಣ್ಯ ಖಾಲಿ ಮನೆಗೆ ಹೋಗುತ್ತದೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಆದರೂ ಹಲಗೆ ನೋಡನೋಡುತ್ತ ಕೇರಿಗಳಾಗಿ ಒಡೆಯುತ್ತದೆ. ಊರುಗಳು ಒಡೆಯುವುದಕ್ಕೆ ಇದೊಂದೇ ಕಾರಣವಲ್ಲ, ನಮ್ಮಲ್ಲಂತೂ ಬಲವಂತವಾಗಿ ಹೊರಗಿಟ್ಟ ಚರಿತ್ರೆಯೇ ಇದೆ. ಅದನ್ನೂ ಅಲ್ಲೇ ಹೇಳಬೇಕು.

ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ: ಆಟಕ್ಕೆ ಕೊಟ್ಟಷ್ಟೇ ಹೊತ್ತನ್ನು ಆಮೇಲಿನ ಮಾತುಕತೆಗೂ ಮೀಸಲಿಡಿ. ಚೀಲದ ಗುಟ್ಟು ಹೇಳದೆ ಮಕ್ಕಳನ್ನು ಮನೆಗೆ ಕಳಿಸಬೇಡಿ.