ಅಮೃತಾಪುರದ ಶಿಲ್ಪಗಳಲ್ಲಿ ಬಾಲಲೀಲೆ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವು, ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ಕ್ರಿ. ಶ. 1196ರಲ್ಲಿ, ಅಮೃತೇಶ್ವರ ದಂಡನಾಯಕನಿಂದ ನಿರ್ಮಿತವಾದುದು. ಜನ್ನಕವಿಯ ಪದ್ಯಗಳುಳ್ಳ ಶಾಸನದಿಂದ ಇದು ಸಾಹಿತ್ಯಾಭ್ಯಾಸಿಗಳಿಗೂ, ರೂವಾರಿ ಮಲ್ಲಿತಮ್ಮನ ಆರಂಭದ ಕೆಲಸದಿಂದ ಕಲಾಭ್ಯಾಸಿಗಳಿಗೂ ಪರಿಚಿತವಾಗಿದೆ. ಮಂಟಪದ ಹೊರಗೋಡೆಯ 140 ಕಥಾಫಲಕಗಳಲ್ಲಿ ಕೃಷ್ಣಚರಿತ್ರಕ್ಕೆ ಸೇರಿದ 25 ಫಲಕಗಳನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಇವುಗಳಲ್ಲೊಂದನ್ನು ಬಿಡಿಯಾಗಿ ನೋಡಿ ಅದರೊಳಗೆ ಸಂಕೇತವನ್ನು ಹುಡುಕುವ ಕ್ರಮವು ಶಿಲ್ಪದ ಭಾವವನ್ನು ಕೆಡಿಸುವುದೆಂಬುದೇ ನಮ್ಮ ಅಭಿಪ್ರಾಯ.

ಬಿಡಿಚಿತ್ರದ ರೀತಿ ಬೇರೆ. ರಾಜಾ ರವಿವರ್ಮನು ತನ್ನ ಮಗಳನ್ನೂ ಮೊಮ್ಮಗನನ್ನೂ ಎದುರಿಗಿಟ್ಟುಕೊಂಡು 1893ರಲ್ಲಿ ಬರೆದ, ‘ಅಗೋ, ಅಪ್ಪ ಬಂದರು’ ಎಂಬರ್ಥದ ಹೆಸರುಳ್ಳ ತೈಲಚಿತ್ರವನ್ನು ನೋಡಬಹುದು. ಕೂಸನ್ನೆತ್ತಿಕೊಂಡ ತಾಯಿಯು ಚೌಕಟ್ಟಿನ ಆಚೆಗೆ ತೋರಿಸುತ್ತಾಳೆ, ಬಳಿಯಲ್ಲಿ ನಾಯಿಯಿದೆ, ಬರುವ ತಂದೆ ಮಾತ್ರ ಇಲ್ಲ. ಇರುವುದೆಲ್ಲವೂ ಸಹಜ, ಭಾವವು ಹುಟ್ಟುವುದು ಇಲ್ಲದವನಿಂದಲೇ. ಮಾತೃವಂಶೀಯ ಪದ್ಧತಿ ನಡೆಯುತ್ತಿದ್ದ ಕೇರಳದ ಮನೆತನದಲ್ಲಿ ತಂದೆಯ ಬರವೇ ವಸ್ತುವಾಯಿತೆಂಬುದನ್ನು ನೆನೆದರೆ, ಆ ಶೂನ್ಯಸ್ಥಾನವು ಸಂಕೇತವೂ ಆಗುತ್ತದೆ.

ಅಮೃತಾಪುರದಲ್ಲಿಯಾದರೋ ಚೌಕಟ್ಟಿನ ಆಚೆಗಿರುವುದು ಶೂನ್ಯವಲ್ಲ, ಮುಂದಿನ ಫಲಕ. ಕೃಷ್ಣನ ಬಾಲ್ಯವನ್ನು ಕಂಡರಿಸುವ ಶಿಲ್ಪಿಗೆ ಒದಗುವ ಕಷ್ಟವು ಪೂತನಿಯ ಕಥೆಯಿಂದ ಸ್ಪಷ್ಟವಾಗುತ್ತದೆ. ಕೂಸು ಮಾಡುವುದು ಎಲ್ಲ ಕೂಸುಗಳೂ ಮಾಡುವ ಕೆಲಸ, ಮೊಲೆಯುಣ್ಣುವುದು; ಆಗುವುದು ರಕ್ಕಸಿಯ ಮರಣ. ವಾತ್ಸಲ್ಯವೂ ಭಯಾನಕವೂ ಒಂದೇ ಕ್ರಿಯೆಯಲ್ಲಿ ನಿಂತಿವೆ. ಇದು ಧರ್ಮದ ಜಯವೆಂದು ಅರ್ಥ ಹೇಳಿ ಮುಗಿಸಿದರೆ ಕೂಸು ಮರೆಯಾಗುತ್ತದೆ. ಕೂಸಿನಾಟವೆಂದು ನಕ್ಕು ಬಿಟ್ಟರೆ ದೇವರು ಮರೆಯಾಗುತ್ತಾನೆ. ಕಂಸನ ಭೀತಿಯಿಂದ ಹೊರಟು ಕಂಸನ ವಧೆಯತ್ತ ಸಾಗುವ ಕಥೆಯ ನಡುವೆ ಇಟ್ಟು ನೋಡಿದಾಗಲೇ ಎರಡೂ ಉಳಿಯುತ್ತವೆ.

ಫಲಕಗಳ ದಿಕ್ಕೂ ಇದಕ್ಕೆ ಸಹಾಯಕವಾಗಿದೆ. ದಕ್ಷಿಣದ ಗೋಡೆಯ 70 ರಾಮಾಯಣ ಫಲಕಗಳು ಹೊಯ್ಸಳರ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ, ಎಂದರೆ ಓಲೆಯನ್ನು ಓದುವಂತೆ ಎಡದಿಂದ ಬಲಕ್ಕೆ, ಸಾಗುತ್ತವೆ. ಉತ್ತರದ ಗೋಡೆಯ ಕೃಷ್ಣಚರಿತ್ರವೂ 45 ಮಹಾಭಾರತ ಫಲಕಗಳೂ ಪ್ರದಕ್ಷಿಣಕ್ರಮದಲ್ಲಿವೆ. ಹೀಗೆ ರಾಮಕಥೆಯನ್ನು ಗ್ರಂಥದಂತೆ ಓದಿದವನು, ಕೃಷ್ಣನ ಬಾಲ್ಯವನ್ನು ದೇವರಿಗೆ ಸುತ್ತುಬರುವ ನಡಿಗೆಯಲ್ಲಿಯೇ ಕಾಣುತ್ತಾನೆ. ಇದು ಶಿಲ್ಪಿಯ ಸಂಕಲ್ಪವೆಂದು ಸಾಧಿಸಬೇಕಾದುದಿಲ್ಲ. ನೋಡುವವನ ಅನುಭವವು ಹಾಗಿರುವುದಂತೂ ನಿಜ.

ಆದುದರಿಂದ ಒಂದು ಫಲಕದ ಛಾಯಾಚಿತ್ರದಿಂದ ಇಲ್ಲಿಯ ಭಾವವನ್ನು ನಿರ್ಣಯಿಸುವುದು, ಒಂದು ಪದ್ಯದಿಂದ ಕಾವ್ಯವನ್ನು ಅಳೆದಂತೆಯೇ ಸರಿ. ಈ ಬಾಲ್ಯವನ್ನು ಅರಿಯಬೇಕಾದರೆ ಗೋಡೆಯ ಉದ್ದಕ್ಕೂ ನಡೆಯತಕ್ಕುದು.