ರಾತ್ರಿ ಆ ಮನೆಯಲ್ಲಿ ಯಾರಿರುತ್ತಾರೆ?

ಬಚ್ಚಲಿನ ಗ್ಯಾಸ್ ಗೀಸರ್ ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಹೇಳಿದ್ದೆ. ಮೊದಲು ಅದನ್ನು ಮುಗಿಸಿಬಿಡುತ್ತೇನೆ. ನಮ್ಮ ಕಡೆಯ ಹಳೆ ಮನೆಗಳ ಹಂಡೆಯ ಒಲೆಗೆ ಹೊಗೆ ಹೋಗಲು ದಾರಿ ಇತ್ತು. ಮಾಡಿನ ಹಂಚಿನ ಸಂದಿಗಳೇ ಸಾಕಾಗುತ್ತಿದ್ದವು. ಅದೇ ಮನೆ ಹೋಂಸ್ಟೇ ಆಗುವಾಗ ಬಚ್ಚಲಿಗೆ ಟೈಲ್ಸ್ ಬರುತ್ತದೆ, ಮುಚ್ಚಿದ ಗಾಜಿನ ಕಿಟಕಿ ಬರುತ್ತದೆ, ಗೋಡೆಗೆ ಗ್ಯಾಸ್ ಗೀಸರ್ ಏರುತ್ತದೆ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿ ಕುಸಿದವರಿಗೆ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಗೀಸರು, ಸಿಲಿಂಡರು ಎರಡೂ ಹೊರಗಿರುವ ಮನೆಯನ್ನೇ ಆರಿಸಿ. ಒಳಗಿದ್ದರೆ ಬಾಲ್ದಿ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದಿಟ್ಟು ಮೀಯಿರಿ.

ಇದನ್ನು ಇಲ್ಲಿಗೇ ನಿಲ್ಲಿಸಲು ಕಾರಣ ಈ ವಾರ ಬಂದ ಒಂದು ಪತ್ರ. ಮಣಿಪಾಲದಲ್ಲಿ ಓದುವ ಮಗಳು ಗೆಳತಿಯರ ಜೊತೆ ಕಾಪು ಬಳಿಯ ಒಂದು ತಂಗುಮನೆಗೆ ಹೋಗಲಿದ್ದಾಳಂತೆ. ‘ಸಮುದ್ರಕ್ಕೆ ಇಳಿಯುವುದಿಲ್ಲ, ಅಲ್ಲೇ ಪೂಲ್ ಇದೆ, ಹೆದರಬೇಕಿಲ್ಲ ಅಲ್ಲವೇ?’ ಎಂದು ತಂದೆ ಕೇಳಿದ್ದಾರೆ.

ಹೆದರಬೇಕು. 2024ರ ನವೆಂಬರ್ 17ರಂದು ಉಳ್ಳಾಲ ಬಳಿಯ ಸೋಮೇಶ್ವರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಸಮುದ್ರ ಅಲ್ಲೇ ಹತ್ತಿರದಲ್ಲಿತ್ತು. ಅವರು ಇಳಿದದ್ದು ಕೊಳಕ್ಕೆ. ಕೊಳದ ಒಂದು ಕಡೆ ಸುಮಾರು ಆರು ಅಡಿ ಆಳ. ಮೂವರಿಗೂ ಈಜು ಬರುತ್ತಿರಲಿಲ್ಲ. ಒಬ್ಬಳು ಆಳಕ್ಕೆ ಜಾರಿದಳು, ಹಿಡಿಯಲು ಹೋದವಳು ಮುಳುಗಿದಳು, ಮೂರನೆಯವಳೂ ಹಾಗೆಯೇ. ಜೀವರಕ್ಷಕರಿರಲಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗಿಕೊಳ್ಳುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರೆಳೆಯುವುದೇ ಆಗದು, ಕೂಗು ಎಲ್ಲಿಂದ ಬರಬೇಕು? ಪಕ್ಕದ ಕೋಣೆಯಲ್ಲಿ ಜನರಿದ್ದರೂ ಅವರಿಗೆ ಕೇಳಿಸದು.

ನಕ್ಷತ್ರ ಕೊಟ್ಟು ತಂಗುಮನೆ ಅಳೆಯುವ ವಿಮರ್ಶಕರ ಜೊತೆ ನನ್ನ ಜಗಳ ಹಳೆಯದು. ಹಾಸಿಗೆ, ವೈಫೈ, ನೀರ್‌ದೋಸೆಗೆಲ್ಲ ಅಂಕ ಕೊಡುತ್ತಾರೆ. ಕೊಳದ ಅಂಚಿನಲ್ಲಿ ಆಳ ಬರೆದಿದೆಯೇ, ಪಕ್ಕದಲ್ಲೊಂದು ಟ್ಯೂಬು, ಹಗ್ಗ, ಉದ್ದ ಬಿದಿರು ಇದೆಯೇ ಎಂದು ಒಬ್ಬರೂ ಬರೆಯುವುದಿಲ್ಲ. ಮುಚ್ಚಳ ಬಿಗಿದ ಖಾಲಿ ಇಪ್ಪತ್ತು ಲೀಟರಿನ ಕ್ಯಾನ್ ಕೂಡ ಒಂದು ಜೀವವನ್ನು ತೇಲಿಸುತ್ತದೆ. ಅದನ್ನು ಇಡಲು ಏನು ಖರ್ಚಿದೆ?

ನೀರಿನ ಗುಣ ಊರಿಂದೂರಿಗೆ ಬೇರೆ. ಕಾಪುವಿನಲ್ಲಿ 1901ರಲ್ಲಿ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದು ಹಡಗುಗಳು ಆ ಬಂಡೆಗಳಿಂದ ದೂರ ಇರಲಿ ಎಂದು. ಈಗ ಅದೇ ಬಂಡೆಗಳ ಅಂಚಿನಲ್ಲಿ ಅಲೆಗೆ ಬೆನ್ನು ಹಾಕಿ ಫೋಟೋಕ್ಕೆ ನಿಲ್ಲುತ್ತಾರೆ. ಸ್ವರ್ಣಾ, ಸೀತಾ ಹೊಳೆಗಳು ಸಮುದ್ರ ಸೇರುವ ಕೋಡಿಬೆಂಗ್ರೆಯ ಅಳಿವೆ ಭರತದ ಹೊತ್ತಿಗೆ ಶಾಂತವಾಗಿ ಕಾಣುತ್ತದೆ. ಇಳಿತ ಶುರುವಾಯಿತೆಂದರೆ ಹೊಳೆಯ ನೀರೆಲ್ಲ ಒಂದೇ ಬಾಯಲ್ಲಿ ಹೊರಗೆ ಎಳೆಯುತ್ತದೆ. ಬೆಳಿಗ್ಗೆ ಕಾಲಾಡಿಸಿದ ಜಾಗ ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ. ಮೊಗವೀರರ ಮನೆಯ ಮಕ್ಕಳಿಗೆ ಇದು ಗೊತ್ತು, ಬೆಂಗಳೂರಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಕಡಲಿನಲ್ಲಿ ಮೀನುಗಾರಿಕೆ ನಿಷೇಧ. ಸಮುದ್ರವೇ ಬೇಕೆಂದರೆ ಮಳೆ ಮುಗಿದ ಮೇಲೆ ಪಡುಬಿದ್ರಿಗೆ ಹೋಗಿ; 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಆ ಬೀಚಿನಲ್ಲಿ ಜೀವರಕ್ಷಕರಿದ್ದಾರೆ, ಅವರ ಮಾತು ಕೇಳಿ.

ಕಾರ್ಕಳದ ಕಡೆ, ಮಾಳ, ಹೆಬ್ರಿಗಳ ತೋಟದ ಮನೆಗಳಲ್ಲಿ ಅಪಾಯದ ರೂಪವೇ ಬೇರೆ. ಅಂಗಳದಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಹೊಯ್ದಿರುತ್ತದೆ. ಹೊಳೆಯ ತಿಳಿನೀರು ಕೆಂಪಾಗಿ, ತರಗೆಲೆ, ಕಡ್ಡಿ ತೇಲಿಬರತೊಡಗಿದರೆ ಚಪ್ಪಲಿ ಹುಡುಕುತ್ತ ನಿಲ್ಲಬೇಡಿ, ದಡ ಹತ್ತಿ. ಮುರಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ನಿಂತ ನೀರು ಇನ್ನೂ ಕೆಟ್ಟದ್ದು. ಕಡಿದ ಗೋಡೆ ನೇರ ಇಳಿಯುತ್ತದೆ, ಕಾಲೂರಲು ಮೆಟ್ಟಿಲಿಲ್ಲ. ರಾತ್ರಿ ತೋಟದ ದಾರಿಯಲ್ಲಿ ಟಾರ್ಚು, ಮುಚ್ಚಿದ ಚಪ್ಪಲಿ ಇರಲಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಹೊರಡಬೇಕು. ಕಾರ್ಕಳ ಪೇಟೆಯಿಂದ ಮಣಿಪಾಲಕ್ಕೇ ಮೂವತ್ತು ಕಿಲೋಮೀಟರಿಗೂ ಹೆಚ್ಚು. ಆ ಹೊತ್ತಿಗೆ ಗಾಡಿ ಬಿಡುವವರು ಯಾರು?

ಈ ಪ್ರಶ್ನೆಗೆ ಬಂದಾಗಲೆಲ್ಲ ನನಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ ನೆನಪಾಗುತ್ತದೆ. ಅತಿಥಿಯಾಗುವುದು, ಅತಿಥಿಯನ್ನು ಇಟ್ಟುಕೊಳ್ಳುವುದು ಎಂದರೇನು ಎಂದು ತಿಳಿಯಲು ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪುಸ್ತಕ ನಾನು ಓದಿಲ್ಲ. ಸುಬ್ರಹ್ಮಣ್ಯದ ಕಡೆ ದಾರಿ ತಪ್ಪಿದ ಪ್ರಯಾಣಿಕನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಕತ್ತಲಲ್ಲಿ ಗೋಪಾಲಯ್ಯನವರ ಮನೆಗೆ ಮುಟ್ಟಿಸುತ್ತಾರೆ. ಹೆಸರು, ಊರು ವಿಚಾರಿಸಿದ್ದಕ್ಕಿಂತ ಹೆಚ್ಚು ಹೊತ್ತು ಉಪಚಾರ ನಡೆಯುತ್ತದೆ. ಮುಂದೆ ಅವನು ಕಾಡಿನ ಕಡೆ ಕಾಲಿಟ್ಟಾಗ ಮುದುಕ ಗೋಪಾಲಯ್ಯನವರೂ ಜೊತೆಗೆ ನಡೆಯುತ್ತಾರೆ. ಯಾವ ತೋಡು, ಯಾವ ಗುಡ್ಡ ಹೇಗೆ ಎಂದು ಬಲ್ಲವರು ಅವರು. ಆ ಕಾಡು ಕಡಿದು ತೋಟ ಎಬ್ಬಿಸಿದ ಜೀವ ಅದು. ಅತಿಥಿಯ ರಕ್ಷಣೆ ಎಂಬುದು ಆ ಮನೆಯಲ್ಲಿ ಬೇರೆ ವ್ಯವಸ್ಥೆಯಾಗಿ ಇರಲೇ ಇಲ್ಲ, ಊಟ ಬಡಿಸಿದಷ್ಟೇ ಸಹಜವಾಗಿ ನಡೆಯುತ್ತಿತ್ತು.

ಮನೆಯವರು ಅಲ್ಲೇ ವಾಸವಿದ್ದರೆ ಮಾತ್ರ ಅದು ಹೋಂಸ್ಟೇ. ಆದರೆ ಎಷ್ಟೋ ಕಡೆ ಮನೆಯನ್ನು ಯಾರಿಗೋ ಲೀಸಿಗೆ ಕೊಟ್ಟು ಯಜಮಾನರು ದೂರದಲ್ಲಿರುತ್ತಾರೆ. ಕೀಲಿಕೈ ಕೊಡುವ ಹುಡುಗ ಮೊನ್ನೆ ಮೊನ್ನೆ ಕೆಲಸಕ್ಕೆ ಬಂದವನು, ಬೇರೆ ಊರಿನವನು. ಸಂಜೆಗೆ ಅವನೂ ಹೊರಡುತ್ತಾನೆ. ಹೊಳೆಯ ಗುಂಡಿ ಎಲ್ಲಿದೆಯೆಂದು ಅವನಿಗೂ ತಿಳಿಯದು. ಆ ಹುಡುಗನದು ತಪ್ಪಲ್ಲ. ಹಾಗೆ ಮನೆ ಬಿಟ್ಟುಕೊಟ್ಟು ದುಡ್ಡು ಎಣಿಸುವವರದು.

ಪತ್ರ ಬರೆದ ತಂದೆಯವರೇ, ಮಗಳನ್ನು ಕಳಿಸಿ. ಆದರೆ ಮೊದಲು ನೀವೇ ಆ ಮನೆಗೆ ಫೋನ್ ಮಾಡಿ. ರಾತ್ರಿ ಅಲ್ಲಿ ಮಲಗುವ ಮನೆಯವರು ಯಾರು, ಅವರಿಗೆ ಈಜು ಬರುತ್ತದೆಯೇ, ಕೊಳದ ಆಳ ಎಷ್ಟು, ಹತ್ತಿರದ ನೀರಿನಲ್ಲಿ ಹಿಂದೆ ಎಲ್ಲಿ ಜನ ಮುಳುಗಿದ್ದಾರೆ, ನಡುರಾತ್ರಿ ಗಾಡಿ ಸಿಗುತ್ತದೆಯೇ ಎಂದು ಕೇಳಿ. ಒಳ್ಳೆಯ ಮನೆಯವರು ಬೇಸರಿಸದೆ ಹೇಳುತ್ತಾರೆ, ನೀವು ಕೇಳದ್ದನ್ನೂ ಹೇಳುತ್ತಾರೆ. ಉತ್ತರ ಬಾರದ ಮನೆಗೆ ಮುಂಗಡ ಕಳಿಸಬೇಡಿ.